ಒಸಡಲ್ಲಿ ರಕ್ತ ಬಂದ್ರೆ ಮೆಡಿಕಲ್ ಶಾಪ್‌ಗೆ ಯಾಕ್ ಓಡ್ತೀರ?

ನಿನ್ನೆ ಸಂಜೆ ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಮೆಡಿಕಲ್ ಶಾಪ್ ಮುಂದೆ ನಿಂತಿದ್ದೆ, ಪಕ್ಕದಲ್ಲಿದ್ದ ಯಜಮಾನ್ರು "ಒಸಡು ಊದ್ಕೊಂಡಿದೆ, ಹೋದ್ಸಲ ಕೊಟ್ರಲ್ಲ, ಅದೇ ಕೊಡಿ" ಅಂದ್ರು, ಅಂಗಡಿಯವ್ನು ಚೀಟಿ ಗೀಟಿ ಏನೂ ಕೇಳ್ದೆ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಆರು ಕತ್ತರಿಸಿ ಕೊಟ್ಟ. ಪ್ಯಾಕೆಟ್ ಮೇಲೆ ಕೆಂಪು ಗೆರೆ ಇರುತ್ತಲ್ಲ, ಡಾಕ್ಟ್ರ ಚೀಟಿ ಇಲ್ದೆ ಕೊಡಬಾರ್ದು ಅಂತ್ಲೇ ಅದು. ಅದಿರ್ಲಿ, "ಹೋದ್ಸಲ" ಅಂದ್ರಲ್ಲ, ಹೋದ್ಸಲ ವಾಸಿಯಾಗಿದ್ರೆ ಈ ಸಲ ಯಾಕ್ ಬರ್ತಿದ್ರು?

ಬೋರ್‌ವೆಲ್ ನೀರಿರೋ ಮನೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ನಲ್ಲಿ ಮೇಲೆ ಬಿಳಿ ಕರೆ ಕಟ್ಟುತ್ತೆ, ಒರೆಸಿದ್ರೆ ಹೋಗಲ್ಲ, ಕೆರೀಬೇಕು. ಹಲ್ಲಿನ ಮೇಲೂ ಮೊದ್ಲು ಸಂಪಿನ ಗೋಡೆ ಲೋಳೆ ತರ ಪ್ಲಾಕ್ ಕೂರುತ್ತೆ, ಅಂಟಿನೊಳಗೆ ಬ್ಯಾಕ್ಟೀರಿಯಾ ಸಂಸಾರ ಹೂಡಿರ್ತವೆ, ಆಮೇಲೆ ಎಂಜಲಲ್ಲಿರೋ ಕ್ಯಾಲ್ಸಿಯಂ ಸೇರಿ ಗಾರೆ ಆಗುತ್ತೆ. ಮಾತ್ರೆ ಆ ಲೋಳೆ ಒಳಗೆ ಸರಿಯಾಗಿ ಇಳಿಯೋದೇ ಇಲ್ಲ. ಎರಡು ದಿನ ಊತ ಇಳಿದಂಗೆ ಅನ್ಸುತ್ತೆ, ಗಾರೆ ಮಾತ್ರ ಇದ್ದಲ್ಲೇ ಇರುತ್ತೆ, ಒಳಗೆ ಮೂಳೆ ಸದ್ದಿಲ್ದೆ ಕರಗ್ತಿರುತ್ತೆ, ನೋವೂ ಇರಲ್ವಲ್ಲ, ಹಂಗಾಗಿ ಹಲ್ಲು ಅಲ್ಲಾಡೋ ತನಕ ಯಾರೂ ಡಾಕ್ಟ್ರ ಹತ್ರ ಹೋಗಲ್ಲ.

ಹಂಗಂತ ಆಂಟಿಬಯೋಟಿಕ್ ದಂಡ ಅಂತ ನಾನ್ ಹೇಳ್ತಿಲ್ಲ. ಮೆಟ್ರೊನಿಡಜೋಲ್ ಅನ್ನೋ ಇನ್ನೊಂದು ಆಂಟಿಬಯೋಟಿಕ್ ಕತೆ ಮಜವಾಗಿದೆ: 1962ರಲ್ಲಿ ಬೇರೇನೋ ಇನ್ಫೆಕ್ಷನ್‌ಗೆ ಈ ಮಾತ್ರೆ ತಗೊಂಡ ಒಬ್ಬ ಹೆಂಗಸಿಗೆ ಒಸಡಿನ ಹುಣ್ಣೂ ವಾಸಿಯಾಯ್ತು ಅಂತ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು, ಹಂಗೆ ಇದು ಡೆಂಟಿಸ್ಟ್‌ಗಳ ಕೈಗೆ ಸಿಕ್ತು. ಹಲ್ಲು-ಒಸಡಿನ ನಡುವಿನ ಸಂದಿ ಸಾಮಾನ್ಯವಾಗಿ 3 ಮಿಲಿಮೀಟರ್ ಒಳಗೇ ಇರುತ್ತೆ, ಅದು ತುಂಬಾ ಆಳಕ್ಕೆ ಹೋಗಿದ್ರೆ, ಚಿಕ್ಕ ವಯಸ್ಸಿಗೇ ಮೂಳೆ ಜೋರಾಗಿ ಕರಗ್ತಿದ್ರೆ, ಅಮಾಕ್ಸಿಸಿಲಿನ್ ಜೊತೆ ಇದನ್ನ ಒಂದು ವಾರ ಕೊಡ್ತಾರೆ. ಆದ್ರೆ ಗಾರೆ ಕೆರೆದು ಬೇರಿನ ತನಕ ಕ್ಲೀನ್ ಮಾಡೋದ್ರ ಜೊತೆಗೆ, ಕ್ಲೀನಿಂಗ್ ಬದ್ಲಿಗೆ ಅಲ್ಲ. ಕೀವು ಕಟ್ಟಿ ಜ್ವರ ಬಂದಿದ್ರೆ ಅದೂ ಬೇರೆ ಮಾತು. ಬರೀ ಬ್ರಷ್ ಮಾಡುವಾಗ ರಕ್ತ ಬರೋದಕ್ಕೆ ಮಾತ್ರೆ ಬೇಕಾಗೇ ಇಲ್ಲ.

"ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಅಂತ ನಮ್ಮಮ್ಮನೂ ಹೇಳ್ತಿದ್ರು. ಅಲ್ಲಮ್ಮ, ಸಂದಿ ಮೊದ್ಲೇ ಬಿದ್ದಿತ್ತು, ಗಾರೆ ಅದನ್ನ ಮುಚ್ಕೊಂಡಿತ್ತು ಅಷ್ಟೇ.

ದುಡ್ಡಿನ ಯೋಚ್ನೆ ಇದ್ರೆ ಕೋಟೆ ಹತ್ರ ಸರ್ಕಾರಿ ಡೆಂಟಲ್ ಕಾಲೇಜ್ ಇದೆ, ಮಾರ್ಕೆಟ್ ಬಸ್ ಹತ್ತಿದ್ರೆ ಆಯ್ತು. ಇದನ್ನ ಆ ಯಜಮಾನ್ರಿಗೆ ಅಲ್ಲೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ, ಈಗ ಮೈಕ್ ಮುಂದೆ ಕೂತು ವಟಗುಟ್ತಿದೀನಿ.