80 ವ್ಯಾಟ್ ಚಾರ್ಜರ್ ಹುಡುಕ್ಕೋತ ಸೂಪರ್ ಮಾರ್ಕೆಟ್‌ಗೆ | ಕಲಬುರಗಿ ವ್ಲಾಗ್

ನಮಸ್ಕಾರ್ರೀ ಎಲ್ಲಾರಿಗೂ. ಹೊಸಾ ಫೋನಿನ ಡಬ್ಬಿ ಬಿಚ್ಚೋದು, ಮ್ಯಾಲಿನ ಪ್ಲಾಸ್ಟಿಕ್ ಸುಲಿಯೋದು ನೀವೇ ನೋಡ್ಲಕತ್ತೀರಿ, ಅದಕ್ಕ ನಾ ಏನೂ ಹೇಳಂಗಿಲ್ಲ. ಅವ್ವ ಒಳಗಿಂದ "ಹಳೇದಕ್ಕ ಏನ್ ರೋಗ ಬಂದಿತ್ತು?" ಅಂದದ್ದು ಆಡಿಯೋದಾಗ ಬಂದದ. ಇರ್ಲಿ, ಕಟ್ ಮಾಡಿಲ್ಲ. ಹಳೇದಕ್ಕ ಏನೂ ಆಗಿಲ್ರೀ, ಈ ವಿಡಿಯೋ ತೆಗೀಲಕತ್ತಿದ್ದೇ ಅದು.

ನಾ ಈ ಫೋನ್ ತಗೊಂಡಿದ್ದು ಕ್ಯಾಮೆರಾಕ್ಕಲ್ಲ, ಬ್ಯಾಟರಿ ಸಲುವಾಗಿ. 7000 ಎಂಎಎಚ್! ಮೊನ್ನಿ ಮೊನ್ನಿ ತನಕ 5000 ಅಂದ್ರ ಬಾಯಿ ತೆಗೀತಿದ್ವಿ. ಕೈಯಾಗ ಹಿಡದ್ರ ದಪ್ಪ ಅನಸಂಗೇ ಇಲ್ಲ, ಈ ಶಾಟ್ ನೋಡ್ರಿ. ಒಳಗಿರೋದು ಸಿಲಿಕಾನ್-ಕಾರ್ಬನ್ ಬ್ಯಾಟರಿ. ಮೊದಲ ಲಿಥಿಯಂ ಹಿಡಿದಿಡೋ ಜಾಗದಾಗ ಬರೇ ಗ್ರಾಫೈಟ್ ಇರ್ತಿತ್ತು. ಅಷ್ಟೇ ತೂಕದ ಸಿಲಿಕಾನ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹಿಡೀತದ. ಆದ್ರ ಹಿಡದಾಗ ಮೂರು ಪಟ್ಟಿನ ತನಕ ಉಬ್ಬತದ, ಖಾಲಿ ಆದಾಗ ಮತ್ತ ಕುಗ್ಗತದ. ಬರೇ ಸಿಲಿಕಾನೇ ತುಂಬಿದ್ರ ಒಳಗ ಒಡದು ಪುಡಿ ಆಗ್ತದ. ಅದಕ್ಕ ಕಾರ್ಬನ್ ಜೋಡಿ ಹದ ಮಾಡಿ ಬೆರಸ್ತಾರ. ಫೋನಿನ ಸುದ್ದಿ ಅಂದ್ರ ಬರೇ ಎಐ ಎಐ ಅಂತಾರ, ನನಗ ಕೇಳಿದ್ರ ಖರೇ ಹೊಸದು ಅಂದ್ರ ಇದು.

ಈಗ ಡಬ್ಬಿ ಒಳಗ ನೋಡ್ರಿ. ಫೋನು, ಒಂದು ವೈರ್, ಸಿಮ್ ತೆಗಿಯೋ ಪಿನ್ನು, ಯಾರೂ ಓದಲಾರದ ಒಂದು ಪುಸ್ತಕ. ಚಾರ್ಜರ್? ಇಲ್ಲ. ಡಬ್ಬಿ ಮ್ಯಾಲ ಮಾತ್ರ "80 ವ್ಯಾಟ್" ಅಂತ ಚಾರ್ಜಿಂಗ್ ವೇಗ ಅಂಗೈ ಅಗಲ ಬರದಾರ. 2020ರಾಗ ಐಫೋನ್ 12 ಚಾರ್ಜರ್ ಇಲ್ಲದ ಬಂದಾಗ ಬಾಕಿ ಕಂಪನಿಯವ್ರು ನಕ್ಕಿದ್ರು, ಆಮ್ಯಾಲ ನಕ್ಕವ್ರೇ ಸುಮ್ಕ ತಾವೂ ತೆಗದ್ರು. ಪರಿಸರ ಉಳೀತದಂತ. ಉಳೀಲಿ, ಯಾರ್ ಬ್ಯಾಡಂದ್ರು, ಫೋನಿನ ರೇಟ್ ಜರಾ ಇಳೀಬೇಕಿತ್ತಲ್ಲ? ಕಂಪನಿ ಚಾರ್ಜರ್ ಬ್ಯಾರೇ ಕೊಂಡ್ರ 1,999. ಎರಡು ಸಾವಿರ ಅನ್ಲಿಕ್ಕ ಅವರಿಗೂ ನಾಚಿಕಿ. ಆ ರೊಕ್ಕಕ್ಕ ಮನಿಗೆ ಎಷ್ಟು ತೊಗರಿಬ್ಯಾಳಿ ಬರ್ತದ ಅಂತ ಅವ್ವ ಲೆಕ್ಕ ಶುರು ಮಾಡ್ಯಾಳ, ಹಂಗಾಗಿ ನಾವು ಹೊರಗ ಬಿದ್ವಿ.

ಸೂಪರ್ ಮಾರ್ಕೆಟ್. ಹೊರಗಿನವ್ರು ಹೆಸರ ಕೇಳಿ ಮಾಲ್ ಅಂದ್ಕೋಬ್ಯಾಡ್ರಿ, ಪೂರಾ ಬಜಾರ ಅದ. ಟೈಮು ಹನ್ನೊಂದೂವರಿ, ಆಗಲೇ ಬಿಸಿಲಿಗೆ ಮುಖ ಸುಡ್ಲಕತ್ತದ. ಜೋಡಿ ತಮ್ಮ ಬಂದಾನ. ಅವಂಗ ಫೋನಂದ್ರ ರೀಲ್ಸ್ ಅಷ್ಟೇ. ಆದ್ರೂ ಈ ಅಂಗಡಿಯವ್ರ ಆಟ ನೋಡ್ರಿ: ಪ್ರಶ್ನೆ ಕೇಳೋಕಿ ನಾ, ಉತ್ತರ ಹೋಗೋದು ಅವಂಗ. "ಇದು ಪಿಡಿ ಸಪೋರ್ಟ್ ಮಾಡ್ತದೇನ್ರಿ?" ಅಂತ ನಾ ಕೇಳಿದ್ರ (ಪಿಡಿ ಅಂದ್ರ ಎಲ್ಲಾ ಕಂಪನಿ ಒಪ್ಪಿದ ಜಲ್ದಿ ಚಾರ್ಜಿಂಗ್ ಪದ್ಧತಿ, ಮುಂದ ಹೇಳ್ತೀನಿ), "ನೋಡಪಾ, ಇದು 80 ವ್ಯಾಟ್ ಒರಿಜಿನಲ್, ಅಕ್ಕಾರಿಗೆ ತಿಳಿಸಿ ಹೇಳು" ಅಂತ ಅವನ ಮುಖ ನೋಡಿ ಹೇಳ್ತಾರ. ಅವ ನನ್ನ ಮುಖ ನೋಡ್ತಾನ. ರೇಟ್ 350. 1,999ದ ಚಾರ್ಜರ್ 350ಕ್ಕ, ಅದೂ ಒರಿಜಿನಲ್!

ಇಲ್ಲಿ ಜರಾ ನಿಂದ್ರೂಣು, ಈ ಶಾಟ್ ಉದ್ದ ಅದ. ನನ್ನ ಕೈಯಾಗಿರೋದು ಯುಎಸ್‌ಬಿ ಮೀಟರ್. ಬೆರಳುದ್ದ ಇಲ್ಲ. ಚಾರ್ಜರ್‌ಗೂ ಫೋನಿಗೂ ನಡುವ ಚುಚ್ಚಿದ್ರ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಹರೀಲಕತ್ತದ ಅಂತ ತೋರಸ್ತದ. ಎರಡನ್ನೂ ಗುಣಾಕಾರ ಮಾಡಿದ್ರ ವ್ಯಾಟ್. ಸಾಲ್ಯಾಗ ಕಲ್ತದ್ದು ಒಮ್ಮೆಯರೆ ಉಪಯೋಗಕ್ಕ ಬಂತು. ಮೀಟರ್ ಓದ್ರಿ: 5 ವೋಲ್ಟು, 2 ಆಂಪಿಯರ್. ಹತ್ತು ವ್ಯಾಟ್! ಎಂಬತ್ತರ ಹೆಸರ ಮ್ಯಾಲ ಹತ್ತು. ನಾ ಮೀಟರ್ ತೋರ್ಸಿದ್ರ ಅಂಗಡಿಯಾತ ಏನಂದಾ ಅಂದ್ರ, "ಆ ಮೀಟರೇ ಡುಪ್ಲಿಕೇಟ್ ಇರ್ಬೇಕು ಮೇಡಮ್." ಆಗ ನೋಡ್ರಿ ನನ್ನ ಜೋಡಿ ನೇರ ಮಾತಾಡಿದ್ದು.

ಮೋಸ ಒಂದು ಕಡಿ ಇರ್ಲಿ, ಖರೇ ತಕರಾರು ಬ್ಯಾರೇ ಅದ. ಯುರೋಪಿನವ್ರು 2024ರ ಡಿಸೆಂಬರ್ 28ರಿಂದ ಹೊಸ ಫೋನಿಗೆಲ್ಲ ಸಿ ಟೈಪೇ ಇರಬೇಕಂತ ಕಾನೂನು ಹಚ್ಚಿದ್ರು. ಐಫೋನೂ 2023ರಾಗ 15ರ ಮಾಡೆಲ್‌ಲಿಂದ ಸಿ ಟೈಪಿಗೆ ಬಂತು. ಎಲ್ಲಾರೂ ಖುಷಿ, ಇನ್ನ ಮನ್ಯಾಗ ಒಂದೇ ಚಾರ್ಜರ್ ಸಾಕು ಅಂತ. ತೂತು ಒಂದೇ ಆಯ್ತು, ಒಳಗಿನ ಮಾತು ಒಂದಾಗಿಲ್ಲ. ಚಾರ್ಜರ್ ಚುಚ್ಚಿದ ಕೂಡ್ಲೇ ಕರೆಂಟ್ ಧಡಧಡ ಹೋಗಂಗಿಲ್ರೀ, ಮೊದಲ ಕನ್ಯಾ ನೋಡ್ಲಿಕ್ಕ ಬಂದವ್ರಂಗ ಮಾತುಕತಿ ನಡೀತದ. ಚಾರ್ಜರ್ ಹೇಳ್ತದ, ನನ್ನ ಕಡಿ 5, 9, 15, 20 ವೋಲ್ಟ್ ಅವ, ನಿನಗ್ಯಾವ್ದು ಬೇಕು? ಫೋನ್ ತನಗ ಆಗಿ ಬರೋದು ಕೇಳ್ತದ. ಮಾತು ಕೂಡಿದ್ರ ವೇಗ, ಇಲ್ಲಂದ್ರ ಅದೇ ಹಳೇ 5 ವೋಲ್ಟ್. ಇದಕ್ಕ ಎಲ್ಲಾರೂ ಒಪ್ಪಿದ ಪದ್ಧತಿ ಪಿಡಿ. ಆದ್ರ 80, 100, 120 ಅಂತ ಹಲಗಿ ಹೊಡಿಯೋ ಎಷ್ಟೋ ಫೋನು ತಮ್ಮ ಕಂಪನಿ ಚಾರ್ಜರ್ ಜೋಡಿ ಮಾತ್ರ ತಮ್ಮದೇ ಗುಟ್ಟಿನ ಮಾತು ಆಡ್ತಾವ. ಹಂಗಾಗಿ ಮನ್ಯಾಗಿರೋ 65 ವ್ಯಾಟ್ ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ್ರೂ ನನ್ನ ಫೋನು 17 ವ್ಯಾಟ್ ದಾಟಲಿಲ್ಲ.

ವೈರಿನ ಕಥಿ ಮತ್ತ ಬ್ಯಾರೇ. ಸಾದಾ ಸಿ ಟು ಸಿ ವೈರಿಗೆ 3 ಆಂಪಿಯರೇ ಹದ್ದು. 20 ವೋಲ್ಟಿನಾಗ ಹಿಡದ್ರ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಂದ್ರ ವೈರಿನ ತುದಿಯೊಳಗ ಸಣ್ಣ ಚಿಪ್ ಇರಬೇಕು, ನಾ 5 ಆಂಪಿಯರ್ ತಡಕೋತೀನಿ ಅಂತ ಅದು ಚಾರ್ಜರ್‌ಗೆ ಹೇಳಬೇಕು. ಹೊರಗ ನೋಡಿದ್ರ ಎಲ್ಲಾ ವೈರೂ ಬಿಳಿ, ಎಲ್ಲಾ ಚೆಂದ. ಇದನ್ನ ಡಬ್ಬಿ ಮ್ಯಾಲ ದೊಡ್ಡದಾಗಿ ಬರೀಲಿಕ್ಕ ಏನ್ ಧಾಡಿ ಅಂತೀನಿ!

ಸಾಕು, ತಲಿ ಬಿಸಿ ಆತು. ಕಬ್ಬಿನ ಹಾಲು. ಬರ್ಫ್ ಕಮ್ಮಿ ಹಾಕ್ರಿ ಅಂದೀನಿ, ಆದ್ರೂ ಅರ್ಧ ಗ್ಲಾಸ್ ಬರ್ಫೇ ಅದ. ರೊಕ್ಕ ಕೊಟ್ಟಿದ್ದು ನೋಡಿದ್ರೇನು? ಪಿನ್ ಹೊಡೀಲಿಲ್ಲ. ಯುಪಿಐ ಲೈಟ್. ಮೊದಲೇ 5000ದ ತನಕ ಫೋನಿನಾಗ ಹಾಕಿಟ್ರ, ಒಮ್ಮೆಗೆ 1000ದ ತನಕ ಪಿನ್ ಇಲ್ಲದ ಹೋಗ್ತದ. ಬ್ಯಾಂಕ್ ಪಾಸ್‌ಬುಕ್‌ನಾಗ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಅಂತ ಸಾಲು ಸಾಲು ಬರೋದೂ ತಪ್ಪತದ. ಅಪ್ಪಗ ಮಾತ್ರ ಇದು ಬ್ಯಾಡ. ಪಿನ್ ಇಲ್ಲದ ರೊಕ್ಕ ಹೋಗ್ತದಂದ್ರ ಅವರಿಗೆ ನಿದ್ದಿ ಹತ್ತಂಗಿಲ್ಲ. ಅದೂ ಖರೇನೇ ಅನ್ರಿ, ಫೋನ್ ಕಳದ್ರ ಅದ್ರಾಗಿಂದೂ ಹೋತು.

ಬಾಜೂ ಶೋರೂಮಿನಾಗ ಮಡಚೋ ಫೋನ್ ಇಟ್ಟಾರ. ನಾ ಹೇಳ್ತಿರ್ತೀನಲ್ಲ, ಮಡಚೋ ಫೋನ್ ಅಂದ್ರ ಬರೇ ಶೋಕಿ, ನಮ್ಮೂರ ಧೂಳಿಗೆ ಆ ಕೀಲು ತಡಿಯಂಗಿಲ್ಲ ಅಂತ. ಈಗ ಕೈಯಾಗ ತಗೊಂಡು ಒಮ್ಮೆ ತೆಗದು ಮುಚ್ಚಿದೆ. ಎವ್ವಾ, ಮಸ್ತ್ ಅದ ಬಿಡ್ರಿ! ನಡುವ ಗೆರಿ ಕಾಣಸ್ತದ, ಆದ್ರ ಬೆರಳಿಗೆ ಹತ್ತಂಗಿಲ್ಲ. ರೇಟ್ ಕಾರ್ಡ್ ಓದಿದ ಮ್ಯಾಲ ಮತ್ತ ಶೋಕಿನೇ ಅನಸ್ತು. ನಡೀರಿ.

ಇದು ಇನ್ನೊಂದು ಅಂಗಡಿ. ಇಲ್ಲಿ ಕೂತ ಕಾಕಾ ನನ್ನ ಮೀಟರ್ ನೋಡಿ, ಟೇಬಲ್ ಡ್ರಾವರ್‌ಲಿಂದ ತಮ್ಮದೇ ಮೀಟರ್ ತೆಗದ್ರು. ನನಗ ಕಣ್ಣಾಗ ನೀರ್ ಬರೋದೊಂದು ಬಾಕಿ. ಅವರಂದದ್ದು, 80ರ ಬೆನ್ನು ಹತ್ತಬ್ಯಾಡವ್ವಾ, ಪಿಪಿಎಸ್ ಇರೋದು ತಗೋ. ಪಿಪಿಎಸ್ ಅಂದ್ರ ಪಿಡಿದಾಗೇ ಇರೋ ಇನ್ನೊಂದು ಸೌಲತ್ತು. ವೋಲ್ಟ್ 9ರಿಂದ 15ಕ್ಕ ಒಮ್ಮೆಗೇ ಹಾರಲಾರದ, ಫೋನ್ ಕೇಳಿದಂಗ ಸಣ್ಣ ಸಣ್ಣಗ ಏರಿಳಿತದ. 45 ವ್ಯಾಟಿಂದು 1,300 ಅಂದ್ರು, 1,150ಕ್ಕ ಮುಗೀತು. ಮೀಟರ್: 10.2 ವೋಲ್ಟ್, 2.9 ಆಂಪಿಯರ್. ಮೂವತ್ತಕ್ಕ ಹತ್ರ. ಇದೇ ಚಾರ್ಜರ್ ತಮ್ಮನ ಫೋನಿಗೂ, ನನ್ನ ಇಯರ್‌ಬಡ್ಸಿಗೂ ನಡೀತದ.

ಆದ್ರ ನೋಡ್ರಿ, ಅಂಗಡಿ ಬಾಗಲದಾಗ ಹತ್ತು ನಿಮಿಷ ಹಚ್ಚಿದ್ವಿ, ಮೂವತ್ತು ಹೋಗಿ ಹದಿನೈದಕ್ಕ ಬಂತು. ಚಾರ್ಜರ್‌ದ ತಪ್ಪಲ್ಲ, ಧಗಿ. ಹೊರಗ 43 ಡಿಗ್ರಿ. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದ ಮ್ಯಾಲ ಚಾರ್ಜ್ ಮಾಡಿದ್ರ ಅದರ ಆಯುಷ್ಯ ಜಲ್ದಿ ತೀರ್ತದ, ಅದಕ್ಕ ಫೋನ್ ತಾನೇ ವೇಗ ಇಳಸ್ತದ. ಬೆಂಗಳೂರಾಗ ಎಸಿ ರೂಮಿನಾಗ ಕೂತು "ನಲವತ್ತು ನಿಮಿಷಕ್ಕ ಫುಲ್" ಅಂತ ರಿವ್ಯೂ ಮಾಡೋ ಅಣ್ಣಾರು ಮೇ ತಿಂಗಳಾಗ ಒಮ್ಮೆ ಇಲ್ಲಿ ಬಂದು ಮಾಡ್ರಿ. ಕಲಬುರಗಿ ಬ್ಯಾಸಿಗ್ಯಾಗ 80 ವ್ಯಾಟು ಡಬ್ಬಿ ಮ್ಯಾಲಷ್ಟೇ. 1,999 ಹೋಗೋ ಜಾಗದಾಗ 1,150ಕ್ಕ ಮುಗೀತಲ್ಲ, ಅದೇ ಲಾಭ.

ಕಲಬುರಗಿ ಕೋಟೆ. ಜಲ್ದಿ ಹೇಳ್ತೀನಿ, ಈ ಶಾಟ್ ಸಣ್ಣದು. ಇದು ಬಾರಾ ಗಜಿ ತೋಪು ಅನ್ನೋ ಹಳೇ ಫಿರಂಗಿ, 29 ಅಡಿ ಉದ್ದ. ಸಾದಾ ಲೆನ್ಸಿನಾಗ ಹಿಡ್ಯಂಗಿಲ್ಲ, ಅಲ್ಟ್ರಾವೈಡ್‌ನಾಗ ಪೂರಾ ಬಂತು. 200 ಮೆಗಾಪಿಕ್ಸೆಲ್ ಅಂತ ಭಾಳ ಕುಣೀಬ್ಯಾಡ್ರಿ, ಹದಿನಾರು ಚುಕ್ಕಿ ಕೂಡಿ ಒಂದಾಗಿ ಸಾದಾ ಫೋಟೋ 12.5ರದೇ ಬರ್ತದ. ಕತ್ತಲಾಗ ಚಲೋ ಬರೋದೂ ಅದಕ್ಕೇ. ಹಿಂದ ಕುಂತ ಮಂದೀನ್ನ ಎಐಲಿಂದ ಅಳಸಿದ್ರ ತೋಪಿನ ತುದಿನೂ ಸ್ವಲ್ಪ ಅಳಿಸ್ಯದ. ಆತು, ಆತು.

ಈಗ ಆಳಂದ ರಸ್ತಾ, ನಮ್ಮ ಹೊಲ. ಅಪ್ಪ ಬಂದಾರ. ಬೆಳಿ ಏನೂ ಇಲ್ಲ, ತೊಗರಿ ಕಟಗಿ ಒಟ್ಟೀವಿ, ಮಳಿ ಆದ ಮ್ಯಾಲ ಬಿತ್ತಗಿ. ಅಪ್ಪಗ ಹೊಸಾ ಫೋನಿನ ಮ್ಯಾಲ ಒಂದು ಕಾಸಿನ ಆಸಕ್ತಿ ಇಲ್ಲ, ಆದ್ರ ದಿಶಾಂಕ್ ಆಪ್ ತೆಗದ್ರ ಚಾಳೀಸ್ ಹಾಕ್ಕೊಂಡು ಬರ್ತಾರ. ನಿಂತಲ್ಲೇ ಯಾವ ಸರ್ವೇ ನಂಬರ್ ಅಂತ ತೋರಸ್ತದ, ಕಂದಾಯ ಇಲಾಖೆಯದು, ಪುಕ್ಕಟ. ನಾ ಬದುವಿನ ಮ್ಯಾಲ ನಡೀಲಕತ್ತೀನಿ ನೋಡ್ರಿ. ಹಳೇ ಫೋನಿನಾಗ ನೀಲಿ ಚುಕ್ಕಿ ಪಕ್ಕದವ್ರ ಹೊಲದಾಗ ಅಡ್ಡಾಡ್ತಿತ್ತು, ಹೊಸದ್ರಾಗ ಬದುವಿಗೇ ಅಂಟಿಕೊಂಡು ಬರ್ಲಕತ್ತದ. ಇದು ಜಿಪಿಎಸ್‌ನ ಎಲ್1 ತರಂಗದ ಜೋಡಿ ಎಲ್5 ಅನ್ನೋ ಇನ್ನೊಂದು ತರಂಗನೂ ಹಿಡೀತದ, ಇಸ್ರೋದ ನಾವಿಕ್ ಉಪಗ್ರಹದ್ದೂ ಹಿಡೀತದ. ಡಬ್ಬಿ ಮ್ಯಾಲ ಇದರ ಒಂದಕ್ಷರ ಇಲ್ಲ, 80 ವ್ಯಾಟ್ ಮಾತ್ರ ಅಂಗೈ ಅಗಲ! ಆದ್ರ ಇದನ್ನ ತೋರಿಸಿ ಬಾಜೂದವ್ರ ಜೋಡಿ ಜಗಳಕ್ಕ ಹೋಗಬ್ಯಾಡ್ರಿ, ಕೆಲವು ಮೀಟರ್ ಹೆಚ್ಚುಕಮ್ಮಿ ಇರ್ತದ. ಹದ್ದುಬಸ್ತಿಗೆ ಸರ್ವೇದವ್ರೇ ಬರಬೇಕು.

ಪಡುವಣ ಕಡಿ ನೋಡ್ರಿ, ಮೋಡ. ಗುಡುಗ್ಲಕತ್ತದ. ಈಗ ದಾಮಿನಿ ಆಪ್. ಪುಣೆದ ಐಐಟಿಎಂ ಅನ್ನೋ ಹವಾಮಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾಡಿದ್ದು, ಸಿಡಿಲು ಎಲ್ಲಿ ಬಿತ್ತು ಅಂತ ಮ್ಯಾಪಿನ ಮ್ಯಾಲ ತೋರಸ್ತದ, 20ರಿಂದ 40 ಕಿಲೋಮೀಟರ್ ಸುತ್ತಿನಾಗ ಇದ್ರ ಎಚ್ಚರಿಕಿ ಕೊಡ್ತದ. ನಮ್ಮ ಕಡಿ ಸಿಡಿಲಿಗೆ ದನ, ಮಂದಿ ಹೋಗೋದು ಪ್ರತಿ ವರ್ಷ ಪೇಪರ್‌ನಾಗ ಓದ್ತೀವಿ. ಮಳಿ ಬಂತಂತ ಗಿಡದ ಕೆಳಗ ಓಡೋದೇ ಎಲ್ಲಾಕಿಂತ ದೊಡ್ಡ ಗಂಡಾಂತರ. ಆಪ್ ಇಲ್ಲದವ್ರು ಮಿಂಚಿದ ಕೂಡ್ಲೇ ಸೆಕೆಂಡ್ ಎಣಿಸ್ರಿ, ಗುಡುಗು ಕೇಳೋ ತನಕ ಎಷ್ಟಾತೋ ಅದನ್ನ ಮೂರಲಿಂದ ಭಾಗಿಸಿದ್ರ ಅಷ್ಟು ಕಿಲೋಮೀಟರ್ ದೂರ.

ಬಾಜೂ ಹೊಲದ ಕಾಕಾ ಕೇಳಿಸ್ಕೊಂಡು ಬಂದ್ರು, "ನನಗೂ ಹಾಕಿ ಕೊಡವ್ವಾ" ಅಂತ. ಫೋನ್ ತಗೊಂಡ್ರ ಜಾಗ ಇಲ್ಲ, ಸ್ಟೋರೇಜ್ ಫುಲ್. ಒಳಗ ಏನದ? ಶುಭೋದಯ, ಶುಭ ಸೋಮವಾರ, ಶುಭ ಮಂಗಳವಾರ, ಗುಲಾಬಿ ಹೂವು, ಚಹಾ ಕಪ್ಪು. ಇದನ್ನ ತೆಗೀಲೇನ್ರಿ ಕಾಕಾ? "ಅದು ನಮ್ಮ ಬೀಗರು ಕಳ್ಸಿದ್ದು, ಇರ್ಲಿ." ಇದು? "ಅದೂ ಅವರದೇ." ಒಂದೇ ಫೋಟೋ ಆರು ಸಲ ಅದ, ಐದು ತೆಗೀತೀನಿ. "ಬೀಗರಿಗೆ ಗೊತ್ತಾಗ್ತದೇನು?" ಇಲ್ರೀ ಕಾಕಾ, ಗೊತ್ತಾಗಂಗಿಲ್ಲ.

ಮಿಂಚಿತು, ಒಂದು, ಎರಡು, ಮೂರು... ಹದಿನೆಂಟಕ್ಕ ಗುಡುಗು. ಆರು ಕಿಲೋಮೀಟರ್. ಅಪ್ಪಾ, ಆ ಗಿಡದ ಕೆಳಗಿಂದ ಈ ಕಡಿ ಬರ್ರಿ ಮೊದಲ. ಎಲ್ಲಾರೂ ಓಮ್ನಿ ಒಳಗ ಕೂಡ್ರಿ, ಗ್ಲಾಸ್ ಏರಸ್ರಿ. ಕಾಕಾ, ನೀವೂ ಬರ್ರಿ, ಬೀಗರ ಫೋಟೋ ಗಾಡಿ ಒಳಗ ಕೂತು ತೆಗಿಯೂಣು. ತಮ್ಮಾ, ಕ್ಯಾಮೆರಾ ಬಂದ್ ಮಾಡೋ, ಬಂದ್ ಮಾಡು!