ಸ್ಟೈಪೆಂಡ್ ನಿಂತ ಮೇಲಿನ ಮೂರು ತಿಂಗಳು

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವಾಗ ನಿಮ್ಮ ಶೈಕ್ಷಣಿಕ ಸಾಲದ ಕರಾರುಪತ್ರ ತನ್ನಿ ಎಂದು ಮೊದಲೇ ಹೇಳಿ ಕಳಿಸಿದ್ದೆ. ಕೆಲವರ ಕೈಯಲ್ಲಿ ಕಾಣುತ್ತಿದೆ. ಇನ್ನು ಕೆಲವರು ಫೋನಿನಲ್ಲಿ ಇಟ್ಟುಕೊಂಡಿರಬಹುದು. ಅದು ಪಕ್ಕದಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

ಇಂಟರ್ನ್‌ಶಿಪ್ ಅನ್ನುವುದು ಎರಡು ದಡದ ನಡುವಿನ ಕಾಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತೀರಿ, ಸಂಜೆ ದಣಿದು ಬರುತ್ತೀರಿ, ನೋಡಿದವರು ಕೆಲಸಕ್ಕೆ ಸೇರಿದ್ದಾರೆ ಅಂದುಕೊಳ್ಳುತ್ತಾರೆ. ಆದರೆ ಕೈಗೆ ಬರುವುದು ಸಂಬಳವಲ್ಲ, ಸ್ಟೈಪೆಂಡ್. ಬಾಡಿಗೆ, ಓಡಾಟ, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಅತ್ತ ಸಾಲ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ. ನಿಮ್ಮಂಥವರಿಗೆ ಹಿರಿಯರು ಹೇಳುವ ಮೊದಲ ಮಾತು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ. ನನಗೆ ಆ ಮಾತು ಹೇಳಲು ಮನಸ್ಸು ಬರುವುದಿಲ್ಲ. ಹಾಸಿಗೆ ಮೊಣಕಾಲಿನವರೆಗಷ್ಟೇ ಇರುವಾಗ ಕಾಲು ಮಡಚಿ ಮಲಗುವುದನ್ನು ನೀವು ಆಗಲೇ ಕಲಿತಿದ್ದೀರಿ. ಹಾಗಾಗಿ ಇವತ್ತು ನಾನು ಹೆಚ್ಚು ಹೊತ್ತು ಮಾತಾಡುವುದು ಹೇಗೆ ಉಳಿಸಬೇಕು ಎನ್ನುವುದರ ಬಗ್ಗೆ ಅಲ್ಲ. ಕಷ್ಟಪಟ್ಟು ಉಳಿಸಿದ ಆ ಸ್ವಲ್ಪ ಹಣವನ್ನು ಯಾವುದಕ್ಕೆ ಇಡಬೇಕು ಎನ್ನುವುದರ ಬಗ್ಗೆ. ನಾನು ತಪ್ಪಿದ್ದು ಅಲ್ಲಿ.

ನನ್ನದು ಆರು ತಿಂಗಳ ಇಂಟರ್ನ್‌ಶಿಪ್. ತಲೆಯ ಮೇಲೆ ಸಾಲ ಇದೆ ಎಂಬ ಯೋಚನೆಗೆ ನಿದ್ದೆ ಬರುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಆದಷ್ಟೂ ನಡೆದುಕೊಂಡೇ ಹೋಗುತ್ತಿದ್ದೆ. ತಿಂಗಳ ಕೊನೆಗೆ ಏನು ಮಿಕ್ಕರೂ ಒಯ್ದು ಸಾಲದ ಖಾತೆಗೆ ಕಟ್ಟುತ್ತಿದ್ದೆ. ಕಂತು ಕಟ್ಟುವ ಕಾಲ ಇನ್ನೂ ಬಂದಿರಲಿಲ್ಲ, ಆದರೂ ಕಟ್ಟುತ್ತಿದ್ದೆ. ಆ ರಸೀದಿಗಳನ್ನು ನೋಡಿದಾಗ ಎದೆ ಹಗುರಾಗುತ್ತಿತ್ತು. ಆರನೆಯ ತಿಂಗಳು ಮುಗಿಯಿತು, ಅಲ್ಲಿ ಕಾಯಂ ಮಾಡಿಕೊಳ್ಳಲಿಲ್ಲ. ಮುಂದಿನ ನಾಲ್ಕು ತಿಂಗಳು ಒಂದು ಕಾಸಿನ ಆದಾಯವಿಲ್ಲ. ಬ್ಯಾಂಕಿಗೆ ಕಟ್ಟಿದ ಹಣವನ್ನು ಬಾಡಿಗೆಗೆ ಬೇಕು ಎಂದು ವಾಪಸ್ ಕೇಳುವ ಹಾಗಿಲ್ಲ. ಮೊದಲು ಗೆಳೆಯರಿಂದ ಕೈಗಡ ತೆಗೆದುಕೊಂಡೆ. ಆಮೇಲೆ ಕ್ರೆಡಿಟ್ ಕಾರ್ಡ್. ಕೊನೆಗೆ, ಓದಿದ್ದಕ್ಕೂ ಕಲಿತದ್ದಕ್ಕೂ ಸಂಬಂಧವೇ ಇಲ್ಲದ ಒಂದು ಕೆಲಸ ಎದುರಿಗೆ ಬಂದಾಗ, ಬೇಡ ಎನ್ನುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅಲ್ಲಿಂದ ನನ್ನ ಕ್ಷೇತ್ರಕ್ಕೆ ಮರಳಲು ಎರಡು ವರ್ಷ ಹಿಡಿಯಿತು.

ಆದ್ದರಿಂದ ನಾನು ಹೇಳುವುದು ಇಷ್ಟು: ಸ್ಟೈಪೆಂಡ್‌ನಲ್ಲಿ ಉಳಿಸಿದ ಮೊದಲ ಹಣ ಸಾಲದ್ದಲ್ಲ. ಅದು ಇಂಟರ್ನ್‌ಶಿಪ್ ಮುಗಿದ ದಿನಕ್ಕೂ ಮೊದಲ ಸಂಬಳ ಕೈಸೇರುವ ದಿನಕ್ಕೂ ನಡುವೆ ಇರುವ ಹಳ್ಳವನ್ನು ದಾಟುವುದಕ್ಕೆ.

ಆ ಹಳ್ಳ ಎಷ್ಟು ಅಗಲ ಇರುತ್ತದೆ ಎಂದು ಬಹಳ ಜನ ಅಂದಾಜು ಮಾಡುವುದೇ ಇಲ್ಲ. ಇಂಟರ್ನ್‌ಶಿಪ್ ಮುಗಿದ ಮಾರನೆಯ ದಿನವೇ ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಮೊದಲ ಸಂಬಳ ತಿಂಗಳು ದುಡಿದ ಮೇಲೆಯೇ ಬರುವುದು. ತಿಂಗಳ ನಡುವೆ ಸೇರಿದವರ ಸಂಬಳವನ್ನು ಮುಂದಿನ ತಿಂಗಳಿನ ಜೊತೆ ಸೇರಿಸಿ ಕೊಡುವ ಕಚೇರಿಗಳೂ ಇವೆ. ಕೆಲಸ ಬೇರೆ ಊರಿನಲ್ಲಾದರೆ ಹೊಸ ಕೋಣೆಗೆ ಮುಂಗಡ ಕೊಡಬೇಕು, ಸಾಮಾನು ಸಾಗಿಸಬೇಕು. ಇದು ಎಲ್ಲವೂ ಸರಿಹೋದವರ ಕಥೆ. ಸಂದರ್ಶನ ಮುಗಿದು, ಉತ್ತರ ಬಂದು, ಆದೇಶಪತ್ರ ಬಂದು, ಸೇರುವ ದಿನಾಂಕ ಬರುವಷ್ಟರಲ್ಲಿ ವಾರಗಳು ಉರುಳುತ್ತವೆ. ಹಾಗಾಗಿ ಮೂರು ತಿಂಗಳು ಎಂದು ಲೆಕ್ಕ ಹಾಕುವುದು ಹೆದರಿಕೆಯ ಮಾತಲ್ಲ. ಆ ಮೂರು ತಿಂಗಳ ಖರ್ಚಿಗೆ ಎತ್ತಿಟ್ಟ ಹಣವನ್ನು ನಾನು ಗಂಟು ಎನ್ನುತ್ತೇನೆ. ಮೂರು ತಿಂಗಳ ಖರ್ಚು ಎಂದರೆ ಈಗಿನ ಖರ್ಚು ಕೂಡ ಅಲ್ಲ. ಏನೇ ಆದರೂ ಬಿಡಲಾಗದ್ದು ಮಾತ್ರ: ತಲೆಯ ಮೇಲೆ ಸೂರು, ಹೊಟ್ಟೆಗೆ ಊಟ, ಔಷಧಿ, ಫೋನು, ಸಂದರ್ಶನಕ್ಕೆ ಹೋಗಿಬರುವ ಖರ್ಚು.

ಈಗ ನಿಮ್ಮಲ್ಲಿ ಯಾರಾದರೂ ಕೇಳಬೇಕು, ಅಷ್ಟರಲ್ಲಿ ಬಡ್ಡಿ ಏರುವುದಿಲ್ಲವೇ ಅಂತ. ಏರುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಿಮಗೆ ಮೋಸ ಮಾಡಿದಂತೆ. ಒಂದು ಲೆಕ್ಕ ಮಾಡೋಣ. ಬಡ್ಡಿ ಲೆಕ್ಕ ಬ್ಯಾಂಕಿನವರ ಗುಟ್ಟಿನ ವಿದ್ಯೆಯೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳನ್ನು ವಿಸ್ತಾರವಾಗಿಯೇ ಬರೆದಿಟ್ಟಿದ್ದಾನೆ. ನೀವೂ ಒಂದು ಹಾಳೆಯಲ್ಲಿ ಮಾಡಬಹುದು.

ಒಟ್ಟು ಸಾಲ 100 ಎಂದಿಟ್ಟುಕೊಳ್ಳಿ. ಯಾವ ದೇಶದ ಹಣವಾದರೂ ಆಗಲಿ, ಲೆಕ್ಕ ಒಂದೇ. ನಾಲ್ಕು ವರ್ಷದ ಓದು, ಪ್ರತಿ ವರ್ಷದ ಆರಂಭದಲ್ಲಿ 25ರಂತೆ ಸಾಲ ಬಿಡುಗಡೆ. ಓದು ಮುಗಿದ ಮೇಲೆ ಒಂದು ವರ್ಷ ಕಂತಿಗೆ ರಿಯಾಯಿತಿ, ಅಂದರೆ ಆ ವರ್ಷ ಕಂತು ಕಟ್ಟಬೇಕಿಲ್ಲ. ಬಡ್ಡಿ ವರ್ಷಕ್ಕೆ ಶೇಕಡಾ 10, ಕಂತು ಶುರುವಾಗುವವರೆಗೆ ಸರಳ ಬಡ್ಡಿ. ಮೊದಲ 25 ಐದು ವರ್ಷ ನಿಂತಿರುತ್ತದೆ, ಅದರ ಬಡ್ಡಿ 12.5. ಎರಡನೆಯದಕ್ಕೆ 10, ಮೂರನೆಯದಕ್ಕೆ 7.5, ಕೊನೆಯದಕ್ಕೆ 5. ಕೂಡಿದರೆ 35. ಕಂತು ಶುರುವಾಗುವ ದಿನ ಈ 35 ಅಸಲಿಗೆ ಸೇರಿಕೊಳ್ಳುತ್ತದೆ, ನಿಮ್ಮ ಸಾಲ ಈಗ 135. ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ. ಹತ್ತು ವರ್ಷದ ಮಾಸಿಕ ಕಂತಿನಲ್ಲಿ ತೀರಿಸಿದರೆ, 100ಕ್ಕೆ ಒಟ್ಟು ಕಟ್ಟಬೇಕಾಗಿದ್ದದ್ದು ಸುಮಾರು 158.6. 135ಕ್ಕೆ ಕಟ್ಟುವುದು ಸುಮಾರು 214. ಓದುವಾಗ ಸದ್ದಿಲ್ಲದೆ ಸೇರಿದ 35, ತೀರಿಸುವಷ್ಟರಲ್ಲಿ 55ರ ಮೇಲಾಗಿದೆ.

ಇಂಟರ್ನ್‌ಶಿಪ್ ಆ ರಿಯಾಯಿತಿ ವರ್ಷದಲ್ಲಿ ಬಂತು, ಆ ವರ್ಷದ ಬಡ್ಡಿ 10ನ್ನು ತಿಂಗಳು ತಿಂಗಳು ಕಟ್ಟಿಬಿಟ್ಟಿರಿ ಅಂದುಕೊಳ್ಳಿ. ಆಗ 135ರ ಬದಲು 125ರಿಂದ ಕಂತು ಶುರು. ಹತ್ತು ವರ್ಷದಲ್ಲಿ ಸುಮಾರು 15.9 ಕಡಿಮೆ ಕಟ್ಟುತ್ತೀರಿ. ಇವತ್ತಿನ 10ಕ್ಕೆ ಮುಂದಿನ 15.9. ಇದನ್ನು ನೋಡಿದಾಗ ಎಲ್ಲವನ್ನೂ ಈಗಲೇ ಬ್ಯಾಂಕಿಗೆ ಕಟ್ಟಿಬಿಡೋಣ ಅನಿಸುವುದು ಸಹಜ. ನನಗೂ ಹಾಗೇ ಅನಿಸಿತ್ತು.

ಆದರೆ ಇನ್ನೊಂದು ಬದಿಯನ್ನೂ ತೂಗಿ. ಆ 10ನ್ನು ಬ್ಯಾಂಕಿಗೆ ಕಟ್ಟದೆ ಒಂದು ವರ್ಷ ನಿಮ್ಮ ಉಳಿತಾಯ ಖಾತೆಯಲ್ಲೇ ಇಟ್ಟುಕೊಂಡರೆ ನಿಮಗೆ ಆಗುವ ನಷ್ಟ ಎಷ್ಟು? ಶೇಕಡಾ 10ರ ಲೆಕ್ಕದಲ್ಲಿ ಹೆಚ್ಚೆಂದರೆ 1. ಅದೇ 10 ಕೈಯಲ್ಲಿಲ್ಲದೆ ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಮಾಡಿದಿರಿ, ತಿಂಗಳಿಗೆ ಶೇಕಡಾ 3 ಬಡ್ಡಿ ಎಂದಿಟ್ಟುಕೊಳ್ಳಿ. 3 ಕೇಳಲು ಸಣ್ಣದು. ತಿಂಗಳಿಂದ ತಿಂಗಳಿಗೆ ಚಕ್ರಬಡ್ಡಿಯಾಗಿ ಅದು ವರ್ಷಕ್ಕೆ ಶೇಕಡಾ 42.6 ಆಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟರೆ ಸಾಲ ದುಪ್ಪಟ್ಟಾಗುತ್ತದೆ. ಅಂದರೆ ಗಂಟನ್ನು ಕೈಯಲ್ಲಿಟ್ಟುಕೊಳ್ಳಲು ತೆರುವ ಬೆಲೆ 1, ಅದು ಇಲ್ಲದಿರುವುದಕ್ಕೆ ತೆರುವ ಬೆಲೆ 4ರ ಮೇಲೆ. ಇಷ್ಟವಿಲ್ಲದ ಕೆಲಸಕ್ಕೆ ತಲೆಬಾಗಿ ಕಳೆದ ವರ್ಷಗಳನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಮೊದಲು ಗಂಟು, ಆಮೇಲೆ ಬಡ್ಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಈಗಾಗಲೇ ಕಾರ್ಡಿನ ಬಾಕಿಯೋ ಫೋನಿನ ಆ್ಯಪ್‌ನಲ್ಲಿ ತೆಗೆದ ಸಾಲವೋ ಇದ್ದರೆ ಅದು ಎಲ್ಲಕ್ಕಿಂತ ಮುಂದೆ. ಶೈಕ್ಷಣಿಕ ಸಾಲ ಕಾಯುತ್ತದೆ, ಅದು ಕಾಯುವುದಿಲ್ಲ.

ಇನ್ನು ಉಳಿಸುವ ವಿಷಯ. ಸಣ್ಣ ಸಣ್ಣ ಸಂತೋಷಗಳನ್ನು ಕತ್ತರಿಸಿ ಎಂದು ಎಲ್ಲರೂ ಹೇಳುತ್ತಾರೆ. ಕೆಲಸದ ಮೊದಲ ತಿಂಗಳಲ್ಲಿ, ಯಾರೂ ಗುರುತಿಲ್ಲದ ಜಾಗದಲ್ಲಿ, ಗೆಳೆಯರೊಟ್ಟಿಗೆ ಕೂತು ಒಂದು ಗಂಟೆ ಕಳೆಯುವುದನ್ನೂ ಬಿಟ್ಟವರು ಬೇಗ ಬತ್ತಿಹೋಗುತ್ತಾರೆ. ನಾನು ನೋಡಿದ್ದೇನೆ. ಹಣ ದೊಡ್ಡ ಪ್ರಮಾಣದಲ್ಲಿ ಹೋಗುವುದು ಬಾಡಿಗೆಗೆ, ಓಡಾಟಕ್ಕೆ, ಊಟಕ್ಕೆ. ಅದರಲ್ಲೂ ಬಾಡಿಗೆ ಮತ್ತು ಓಡಾಟವನ್ನು ಒಟ್ಟಿಗೇ ನೋಡಬೇಕು. ದೂರದ ಕೋಣೆ ಅಗ್ಗ ಎಂದು ಹಿಡಿದು, ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಕಳೆದು, ಸುಸ್ತಾಗಿ ಬಂದು ಅಡುಗೆ ಮಾಡಲಾಗದೆ ಹೊರಗೆ ತಿಂದರೆ, ಬಾಡಿಗೆಯಲ್ಲಿ ಉಳಿದದ್ದು ಬೇರೆ ಎರಡು ಕಡೆ ಸೋರಿಹೋಗುತ್ತದೆ. ಕೆಲಸದ ಹತ್ತಿರ, ಇನ್ನೊಬ್ಬರೋ ಇಬ್ಬರೋ ಸೇರಿ ಹಂಚಿಕೊಂಡ ಕೋಣೆ, ವಾರಕ್ಕೆ ಮೂರು ನಾಲ್ಕು ದಿನ ಒಟ್ಟಿಗೆ ಅಡುಗೆ: ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಇಂಟರ್ನ್ ಒಬ್ಬರ ಕೈಯಲ್ಲಿಲ್ಲ. ಕೋಣೆ ಹಿಡಿಯುವಾಗ ಕರಾರು ನಿಮ್ಮ ಇಂಟರ್ನ್‌ಶಿಪ್‌ನ ಅವಧಿಗಿಂತ ಉದ್ದ ಇಲ್ಲದ ಹಾಗೆ ನೋಡಿಕೊಳ್ಳಿ.

ಸ್ಟೈಪೆಂಡ್ ಬಂದ ದಿನವೇ ಎತ್ತಿಡಿ. ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆ ಎಂದರೆ ಏನೂ ಉಳಿದಿರುವುದಿಲ್ಲ. ಎತ್ತಿಟ್ಟ ಹಣ ಬೇರೆ ಖಾತೆಯಲ್ಲಿರಲಿ, ಆ ಖಾತೆಯ ಕಾರ್ಡು ಜೇಬಿನಲ್ಲಿ ಇರದಿರಲಿ. ನೂರಕ್ಕೆ ಐದು ಇಡಲು ಆದರೆ ಐದು. ಏನೂ ಇಡಲಾಗದವರೂ ಇಲ್ಲಿ ಕೂತಿದ್ದೀರಿ ಎಂದು ನನಗೆ ಗೊತ್ತು. ಸ್ಟೈಪೆಂಡ್ ಬದುಕಲು ಸಾಕಾಗದಷ್ಟಿದ್ದರೆ ಅದು ನಿಮ್ಮ ದುಂದುಗಾರಿಕೆಯಲ್ಲ, ಕೊಡುವವರ ಕೊರತೆ. ಆ ತಿಂಗಳುಗಳಲ್ಲಿ ಹೊಸ ಸಾಲ ಮಾಡಿಕೊಳ್ಳದೆ ಹೊರಬಂದರೆ ಅಷ್ಟೇ ನಿಮ್ಮ ಉಳಿತಾಯ, ಅದಕ್ಕೆ ತಲೆ ತಗ್ಗಿಸಬೇಡಿ.

ಕೇಳುವುದಕ್ಕೂ ನಾಚಬೇಡಿ. ಸೇರುವ ಮುಂಚೆಯೇ ಕೇಳಿ: ಸ್ಟೈಪೆಂಡ್ ಯಾವ ತಾರೀಖಿಗೆ ಬರುತ್ತದೆ, ಮೊದಲನೆಯದು ಯಾವಾಗ, ಅದರಲ್ಲಿ ಏನಾದರೂ ಮುರಿದುಕೊಳ್ಳುತ್ತೀರಾ, ಕೆಲಸದ ಮೇಲೆ ಓಡಾಡಿದ ಖರ್ಚು ಕೊಡುತ್ತೀರಾ, ಲ್ಯಾಪ್‌ಟಾಪ್ ನೀವು ಕೊಡುತ್ತೀರಾ ನಾನು ತರಬೇಕಾ, ಮುಗಿದ ಮೇಲೆ ಕಾಯಂ ಮಾಡುವುದನ್ನು ಯಾವಾಗ ತಿಳಿಸುತ್ತೀರಿ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಉತ್ತರ ಒಂದು ತಿಂಗಳು ಮೊದಲೇ ಗೊತ್ತಾದರೆ, ಸ್ಟೈಪೆಂಡ್ ಬರುತ್ತಿರುವಾಗಲೇ ಬೇರೆ ಕಡೆ ಹುಡುಕಲು ಶುರು ಮಾಡಬಹುದು. ಹಳ್ಳದ ಅಗಲ ಅಲ್ಲೇ ಒಂದು ತಿಂಗಳು ಕಡಿಮೆಯಾಯಿತು.

ಈಗ ಆ ಕರಾರುಪತ್ರ ತೆಗೆಯಿರಿ. ಸಹಿ ಮಾಡುವಾಗ ಓದಿರಲಿಕ್ಕಿಲ್ಲ, ನಾನೂ ಓದಿರಲಿಲ್ಲ. ಕಂತು ಶುರುವಾಗುವ ದಿನ ಹುಡುಕಿ. ಕೆಲವು ಕರಾರುಗಳಲ್ಲಿ ಓದು ಮುಗಿದ ಇಷ್ಟು ತಿಂಗಳಿಗೆ ಎಂದಿರುತ್ತದೆ, ಕೆಲವದರಲ್ಲಿ ಕೆಲಸ ಸಿಕ್ಕಿದ ಇಷ್ಟು ತಿಂಗಳಿಗೆ, ಯಾವುದು ಮೊದಲೋ ಅದು ಎಂದೂ ಇರಬಹುದು. ಇಂಟರ್ನ್‌ಶಿಪ್ಪನ್ನು ಕೆಲಸ ಎಂದು ಪರಿಗಣಿಸುತ್ತಾರೆಯೇ, ಬ್ಯಾಂಕಿನಲ್ಲಿ ಬರಹದಲ್ಲೇ ಕೇಳಿ. ಆಮೇಲೆ ಬಡ್ಡಿ ಸರಳವೋ ಚಕ್ರವೋ, ಅಸಲಿಗೆ ಯಾವಾಗ ಸೇರುತ್ತದೆ ಎಂಬುದನ್ನು ನೋಡಿ. ನನ್ನ ಲೆಕ್ಕದಲ್ಲಿ ಸರಳ ಬಡ್ಡಿ ಹಿಡಿದಿದ್ದೇನೆ, ನಿಮ್ಮದು ಬೇರೆ ಇರಬಹುದು. ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆಗಳೂ ಇವೆ. ಅಂಥ ಸಾಲವಾದರೆ ಆ ಅವಧಿಯಲ್ಲಿ ಮುಂಚಿತವಾಗಿ ಕಟ್ಟುವ ಆತುರವೇ ಬೇಡ. ಗಂಟು ತುಂಬಿದ ಮೇಲೆ ಬಡ್ಡಿ ಕಟ್ಟಲು ಶುರು ಮಾಡಿದರೆ, ಕಟ್ಟಿದ ಹಣ ಯಾವ ಲೆಕ್ಕಕ್ಕೆ ಜಮೆಯಾಯಿತು ಎಂದು ಸ್ಟೇಟ್‌ಮೆಂಟ್ ತೆಗೆಸಿ ನೋಡಿ.

ಇನ್ನೊಂದು ಮಾತು, ಇದನ್ನು ಹೇಳದೆ ಹೋಗಲಾರೆ. ಕಂತು ಕಟ್ಟಲಾಗುವುದಿಲ್ಲ ಎಂದು ಗೊತ್ತಾದ ದಿನವೇ ಬ್ಯಾಂಕಿಗೆ ಹೋಗಿ, ತಪ್ಪಿದ ಮೇಲೆ ಅಲ್ಲ. ತಪ್ಪುವ ಮುಂಚೆ ಹೋದವರಿಗೆ ಅವಧಿ ಹೆಚ್ಚಿಸುವುದೋ ಕಂತು ಇಳಿಸುವುದೋ, ಏನಾದರೊಂದು ದಾರಿ ಸಿಗುವ ಸಾಧ್ಯತೆ ಹೆಚ್ಚು. ಸುಸ್ತಿಯಾದರೆ ನಿಮ್ಮ ಹೆಸರಿನ ಜೊತೆ ಜಾಮೀನು ಹಾಕಿದವರ ಹೆಸರಿಗೂ ಕಪ್ಪು ಚುಕ್ಕೆ ಬೀಳುತ್ತದೆ. ಬಹಳ ಸಲ ಆ ಜಾಮೀನು ಅಪ್ಪನದೋ ಅಮ್ಮನದೋ ಆಗಿರುತ್ತದೆ. ಅವರಿಗೆ ಚಿಂತೆ ಕೊಡಬಾರದು ಎಂದು ಮುಚ್ಚಿಡುತ್ತೀರಿ, ಅವರಿಗೆ ಗೊತ್ತಾಗುವುದು ನೋಟಿಸ್ ಬಂದಾಗ. ಕಂತು ಶುರುವಾಗುವ ದಿನ ಯಾವುದು, ಕೈಯಲ್ಲಿ ಎಷ್ಟು ತಿಂಗಳಿಗೆ ಆಗುವಷ್ಟಿದೆ ಎಂದು ಇವತ್ತೇ ಫೋನ್ ಮಾಡಿ ಹೇಳಿ.

ಆ ಪತ್ರದ ಹಿಂಬದಿಯಲ್ಲಿ ಮೂರು ದಿನಾಂಕ ಬರೆದುಕೊಳ್ಳಿ: ಕೊನೆಯ ಸ್ಟೈಪೆಂಡ್ ಬರುವ ದಿನ, ಅದಾದ ಮೇಲೆ ಮೂರು ತಿಂಗಳು ಮುಗಿಯುವ ದಿನ, ಮೊದಲ ಕಂತಿನ ದಿನ. ಮೂರನೆಯದು ಎರಡನೆಯದಕ್ಕಿಂತ ಮುಂಚೆ ಬರುತ್ತಿದ್ದರೆ, ಆ ಕಂತುಗಳ ಮೊತ್ತವನ್ನೂ ಗಂಟಿಗೆ ಸೇರಿಸಿ ಲೆಕ್ಕ ಹಾಕಿ. ಯಾವ ಸಾಲಿನಲ್ಲಿ ಏನು ಬರೆದಿದೆ ಎಂದು ಅರ್ಥವಾಗದವರು ಮುಂದೆ ಬನ್ನಿ. ಸಭಾಂಗಣ ಇನ್ನೂ ಒಂದು ಗಂಟೆ ನಮ್ಮದೇ, ಒಟ್ಟಿಗೆ ಕೂತು ಓದೋಣ.