ಬೆರ್ರಿ ಬೀದಿಯ ನೆಲಮಾಳಿಗೆ

ಕೇಳುಗರಿಗೆ ನಮಸ್ಕಾರ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಂಜಿ ಬಟ್ಟಲು ಹಿಡಿದು ‘ಇನ್ನೂ ಬೇಕು’ ಎಂದ ಆಲಿವರ್ ಟ್ವಿಸ್ಟ್. ಪಾಪ ಎಂದು ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚುತ್ತೇವೆ. ಅಷ್ಟಕ್ಕೇ ನಿಲ್ಲಿಸಬೇಡಿ. ಬಡವನ ಮನೆಯೊಳಗೆ ಹೋಗಿ ನೋಡಿದ್ದೀಯಾ ಎಂದು ಆ ಕಾಲದ ಲೇಖಕರು ನಮ್ಮನ್ನು ಕೇಳುತ್ತಿದ್ದಾರೆ. ನೋಡಿದವನಿಗೇ ಕೊಡಲು ಬರುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಮೇರಿ ಬಾರ್ಟನ್’ ತೆಗೆದುಕೊಳ್ಳಿ. 1848ರಲ್ಲಿ ಬಂದದ್ದು. ಮ್ಯಾಂಚೆಸ್ಟರಿನಲ್ಲಿ ಪಾದ್ರಿಯೊಬ್ಬರ ಪತ್ನಿಯಾಗಿದ್ದ ಆಕೆಗೆ ಆ ಊರಿನ ಗಲ್ಲಿಗಳು ಚೆನ್ನಾಗಿ ಗೊತ್ತು. ಕಾರ್ಸನ್ ಎಂಬಾತನ ಹತ್ತಿ ಗಿರಣಿ ಸುಟ್ಟುಹೋಗಿ ಕೆಲಸ ನಿಂತಿದೆ. ಅಲ್ಲಿ ದುಡಿಯುತ್ತಿದ್ದ ಡ್ಯಾವೆನ್‌ಪೋರ್ಟ್ ಬೆರ್ರಿ ಬೀದಿಯ ನೆಲಮಾಳಿಗೆಯಲ್ಲಿ ಜ್ವರದಿಂದ ಮಲಗಿದ್ದಾನೆ. ಒಡೆದ ಕಿಟಕಿಗೆ ಚಿಂದಿ ತುರುಕಿದ್ದಾರೆ. ಬೀದಿಯ ಕೊಚ್ಚೆ ಇಟ್ಟಿಗೆಯ ನೆಲದೊಳಗಿಂದ ಜಿನುಗುತ್ತಿದೆ, ಮಕ್ಕಳು ಅದರ ಮೇಲೆಯೇ ಹೊರಳಾಡುತ್ತಿವೆ. ಒಲೆಯಲ್ಲಿ ಬೆಂಕಿಯಿಲ್ಲ. ಬಡವರಿಗೆ ನೆರವು ಕೊಡಬೇಕಾದದ್ದು ಅವರವರ ಸ್ವಂತ ಪ್ಯಾರಿಷ್, ಅಂದರೆ ಚರ್ಚಿನ ಸುತ್ತಲಿನ ಊರಾಡಳಿತ, ಎಂಬುದು ಆಗಿನ ಕಾನೂನು. ಕೇಳಿಕೊಂಡು ಹೋದರೆ ಡ್ಯಾವೆನ್‌ಪೋರ್ಟ್ ಹುಟ್ಟಿದ ಬಕಿಂಗ್‌ಹ್ಯಾಮ್‌ಶೈರಿಗೆ ವಾಪಸ್ಸು ಅಟ್ಟಿಬಿಡುತ್ತಾರೆಂಬ ಹೆದರಿಕೆ ಆ ಕುಟುಂಬಕ್ಕೆ.

ಅಲ್ಲಿಗೆ ಬರುತ್ತಾರೆ ಜಾನ್ ಬಾರ್ಟನ್ ಮತ್ತು ವಿಲ್ಸನ್. ಇಬ್ಬರೂ ಕೂಲಿಯವರೇ. ಬಾರ್ಟನ್ ಮನೆಗೆ ಓಡಿ, ಉಳಿದಿದ್ದ ಊಟವನ್ನು ಕಟ್ಟಿಕೊಳ್ಳುತ್ತಾನೆ. ಆಮೇಲೆ ತನ್ನ ಒಳ್ಳೆಯ ಕೋಟು, ಕೆಂಪು ಹಳದಿ ಬಣ್ಣದ ರೇಷ್ಮೆ ಕರವಸ್ತ್ರ, ಎರಡನ್ನೂ ಅಡವಿಟ್ಟು ಐದು ಶಿಲ್ಲಿಂಗ್ ತರುತ್ತಾನೆ. ಏನು ಕೊಂಡ, ಗಮನವಿಟ್ಟು ಕೇಳಿ: ಮಾಂಸ, ಒಂದು ಬ್ರೆಡ್ಡು, ಮೇಣದಬತ್ತಿ, ಒಲೆ ಹೊತ್ತಿಸಲು ಸೌದೆ ಚಕ್ಕೆ, ಎರಡು ಹಂಡ್ರೆಡ್‌ವೇಟ್ ಕಲ್ಲಿದ್ದಲು. ಅಂದರೆ ಸುಮಾರು ನೂರು ಕಿಲೋ. ಊಟ, ಬೆಳಕು, ಬೆಂಕಿ. ಮಿಕ್ಕ ಚಿಲ್ಲರೆಯೂ ಆ ಮನೆಗೇ ಮೀಸಲು, ಯಾವುದಕ್ಕೆ ಎಂದು ಮಾತ್ರ ಇನ್ನೂ ತೀರ್ಮಾನಿಸಿಲ್ಲ. ಅಷ್ಟೊಂದು ಕಲ್ಲಿದ್ದಲು ಏಕೆ? ಆ ಒದ್ದೆ ನೆಲದ ಮೇಲೆ ಅವನು ನಿಂತು ಬಂದಿದ್ದ. ನೋಡಿದವನಿಗೇ ಕೊಡಲು ಬರುತ್ತದೆ.

ಇನ್ನು ವಿಲ್ಸನ್ ಮಾಲೀಕನ ಮನೆಗೆ ಹೋದದ್ದು ಆಸ್ಪತ್ರೆಯ ಚೀಟಿ ಕೇಳಲು. ಆಗ ಬಡ ರೋಗಿಯನ್ನು ಸೇರಿಸಿಕೊಳ್ಳಬೇಕಾದರೆ ಚಂದಾ ಕೊಡುವ ಶ್ರೀಮಂತರ ಶಿಫಾರಸು ಬೇಕಿತ್ತು. ಕಾರ್ಸನ್ ತಿಂಡಿಗೆ ಕುಳಿತಿದ್ದಾನೆ. ಡ್ಯಾವೆನ್‌ಪೋರ್ಟ್ ಎಂದರೆ ಯಾರು, ಆ ಹೆಸರು ನನಗೆ ಗೊತ್ತಿಲ್ಲ ಎನ್ನುತ್ತಾನೆ. ಮೂರು ವರ್ಷಕ್ಕೂ ಮೇಲಾಯಿತು ಸ್ವಾಮಿ, ನಿಮ್ಮ ಗಿರಣಿಯಲ್ಲೇ ದುಡಿದವನು ಎಂದರೆ, ಹೆಸರು ನೋಡಿಕೊಳ್ಳುವುದು ಮೇಸ್ತ್ರಿಯ ಕೆಲಸ ಎಂಬ ಉತ್ತರ ಬರುತ್ತದೆ. ಒಳರೋಗಿಯ ಚೀಟಿ ಇಲ್ಲವಂತೆ. ಕೊಟ್ಟದ್ದು ಸೋಮವಾರಕ್ಕೆ ಹೊರರೋಗಿಯ ಚೀಟಿ, ಅದೂ ಮೇಲೇಳಲಾಗದ ಮನುಷ್ಯನಿಗೆ! ಸೋಮವಾರ ಬರುವ ಮೊದಲೇ ಅವನು ಸತ್ತ. ಕಾರ್ಸನ್ ಕ್ರೂರಿ ಎಂದು ಗ್ಯಾಸ್ಕೆಲ್ ಬರೆಯಲಿಲ್ಲ, ಅವನು ಆ ನೆಲಮಾಳಿಗೆಗೆ ಇಳಿದೇ ಇರಲಿಲ್ಲ. ಅದೇ ಮನೆಯ ಅಡುಗೆಯವಳು ವಿಲ್ಸನ್‌ನ ಬಿಳಿಚಿದ ಮುಖ ಗಮನಿಸಿದ್ದಳು. ಅವನು ಹೊರಡುವಾಗ ಬ್ರೆಡ್ಡು ಮಾಂಸ ಕೈಗಿತ್ತಳು.

ಸಮಯ ಕಡಿಮೆಯಿದೆ, ಆಲಿವರ್ ಟ್ವಿಸ್ಟ್ ಕಥೆ ಬರೆದ ಡಿಕನ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. 1843ರ ‘ಎ ಕ್ರಿಸ್ಮಸ್ ಕ್ಯಾರೊಲ್’ನಲ್ಲಿ ಜಿಪುಣ ಮಾಲೀಕ ಸ್ಕ್ರೂಜ್ ಮನಸ್ಸು ಬದಲಾಗಿ ತನ್ನ ಗುಮಾಸ್ತನ ಮನೆಗೆ ಕಳಿಸಿದ ಟರ್ಕಿ ಕೋಳಿಯನ್ನೇ ಎಲ್ಲರೂ ಹೊಗಳುತ್ತಾರೆ. ಹಬ್ಬದ ಕೋಳಿ ಒಂದು ದಿನದ್ದು. ವಾರಕ್ಕೆ ಹದಿನೈದು ಶಿಲ್ಲಿಂಗಿಗೆ ದುಡಿಯುವ ಆ ಗುಮಾಸ್ತ ಕ್ರ್ಯಾಚಿಟ್‌ಗೆ ಅವನು ಸಂಬಳ ಹೆಚ್ಚಿಸಿದ, ದಯವಿಟ್ಟು ಅದನ್ನು ನೆನಪಿಡಿ. ಅದೂ ಕ್ರ್ಯಾಚಿಟ್‌ನ ಮನೆ, ಕುಂಟ ಮಗ ಟಿಮ್, ಎಲ್ಲವನ್ನೂ ಕಣ್ಣಾರೆ ಕಂಡ ಮೇಲೆ.

ಒಳಗೆ ಕಾಲಿಟ್ಟ ಮಾತ್ರಕ್ಕೆ ನೋಡಿದಂತಾಗುವುದಿಲ್ಲ. ಡಿಕನ್ಸರದೇ ‘ಬ್ಲೀಕ್ ಹೌಸ್’ನ ಶ್ರೀಮತಿ ಪಾರ್ಡಿಗಲ್ ಇಟ್ಟಿಗೆ ಕೆಲಸದವನ ಗುಡಿಸಲಿಗೆ ನುಗ್ಗಿ, ಧರ್ಮಪುಸ್ತಕ ಗಟ್ಟಿಯಾಗಿ ಓದಿ, ಮುಂದಿನ ಮನೆಗೆ ಹೊರಟುಹೋಗುತ್ತಾಳೆ. ಒಲೆಯ ಪಕ್ಕ ಒಬ್ಬ ತಾಯಿ ಕುಳಿತಿದ್ದಾಳೆ, ಮಡಿಲಲ್ಲಿ ಮಗು. ಪಾರ್ಡಿಗಲ್ ಜೊತೆ ಬಂದು ಹಿಂದೆ ಉಳಿದ ಇಬ್ಬರು ಹುಡುಗಿಯರು ಹತ್ತಿರ ಹೋಗಿ ಬಗ್ಗಿ ನೋಡುತ್ತಾರೆ. ಅಷ್ಟರಲ್ಲಿ ಮಗುವಿನ ಉಸಿರು ನಿಂತಿದೆ. ಅವರಲ್ಲೊಬ್ಬಳಾದ ಎಸ್ತರ್ ತನ್ನ ಕರವಸ್ತ್ರವನ್ನು ಬಿಡಿಸಿ ಅದರ ಮೇಲೆ ಹೊದಿಸುತ್ತಾಳೆ.

ನಮಸ್ಕಾರ.